ವಿಶೇಷಣದ ಹದಿಮೂರು ವೇಷ

ಕನ್ನಡದ 'ಒಳ್ಳೆಯ' ಎಂಬ ಪದಕ್ಕಿರುವ ನೆಮ್ಮದಿ ನಿವೃತ್ತಿ ವೇತನ ಬರುವವರಿಗೂ ಇಲ್ಲ. ಹುಡುಗ ಬಂದರೂ ಒಳ್ಳೆಯ, ಹುಡುಗಿ ಬಂದರೂ ಒಳ್ಳೆಯ, ಎಮ್ಮೆಗೂ ಅದೇ; ಪಕ್ಕದ ನಾಮಪದ ಯಾವ ವಿಭಕ್ತಿಯಲ್ಲಿ ಒದ್ದಾಡಿದರೂ ಇದು ಕೂತಲ್ಲಿಂದ ಅಲ್ಲಾಡದು. ಲ್ಯಾಟಿನ್ನಿನಲ್ಲಿ ಅದೇ ಅರ್ಥದ 'ಬೊನುಸ್', ನಮ್ಮ ಹಬ್ಬದ ಬೋನಸ್ಸಿನ ಮೂಲಪುರುಷ, ಪಡುವ ಪಾಡೇ ಬೇರೆ. ಹೆಣ್ಣಿನ ಜೊತೆ ಅದು 'ಬೊನ', ನಪುಂಸಕದ ಜೊತೆ 'ಬೊನುಮ್'. ಮೂರು ಲಿಂಗ, ಎರಡು ವಚನ, ಸಂಬೋಧನೆ ಸೇರಿ ಆರು ವಿಭಕ್ತಿ: ಒಟ್ಟು 36 ಖಾನೆ. ಬರಹದಲ್ಲಿ ಬೇರೆಯಾಗಿ ಕಾಣುವ ರೂಪಗಳು ಮಾತ್ರ 13. ಒಂದೇ ಅಂಗಿಯಲ್ಲಿ ಮೂರು ಮದುವೆ ಮುಗಿಸುವ ಜಾಣತನ.

ನಾಮಪದದ ಬಾಲ ನೋಡಿ ಪ್ರಾಸ ಹೊಂದಿಸಿದರಾಯಿತಲ್ಲ ಎನ್ನುವಂತಿಲ್ಲ. ರೈತನಿಗೆ 'ಅಗ್ರಿಕೊಲ' ಎಂಬ ಹೆಣ್ಣುರೂಪದ ಹೆಸರಿದ್ದರೂ ಆತ ಗಂಡಸೇ, ಆದ್ದರಿಂದ 'ಅಗ್ರಿಕೊಲ ಬೊನುಸ್'. ಎಷ್ಟೋ ಮರಗಳು ಗಂಡುರೂಪದ ಹೆಸರಿಟ್ಟುಕೊಂಡ ಹೆಂಗಸರು: ಹಿಪ್ಪುನೇರಳೆ 'ಮೋರುಸ್ ಆಲ್ಬ'. 'ಆಲ್ಬ' ಎಂದರೆ ಬಿಳಿ; ಅದೇ ಬಿಳುಪು ನಮ್ಮ ಶ್ರೀಗಂಧಕ್ಕೆ ಬಂದಾಗ 'ಸಾಂಟಾಲುಮ್ ಆಲ್ಬುಮ್'. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಈ ವೈಜ್ಞಾನಿಕ ಹೆಸರುಗಳು ಇಂದಿಗೂ ವ್ಯಾಕರಣಕ್ಕೆ ತಲೆಬಾಗಿವೆ. 'ಸತುಸ್' ಎಂದರೆ ಬಿತ್ತಿದ್ದು. ಅದಕ್ಕೆ ಪ್ರತ್ಯಯ ಹತ್ತಿ 'ಸತೀವುಸ್', ಬೇಸಾಯದಿಂದ ಬೆಳೆದದ್ದು. ಕೇಸರಿ ಕ್ರೋಕುಸ್ ಸತೀವುಸ್, ಅಕ್ಕಿ ಒರೈಜ ಸತೀವ, ಬೆಳ್ಳುಳ್ಳಿ ಆಲಿಯುಮ್ ಸತೀವುಮ್. ಬಿರಿಯಾನಿಯ ಒಂದೇ ಪಾತ್ರೆಯಲ್ಲಿ ಮೂರೂ ಲಿಂಗಗಳು ಬೇಯುತ್ತವೆ!

ಇದೆಲ್ಲ ಬೇಡದ ಉಸಾಬರಿ ಎನ್ನುವವರು 'ಪುಎರ್ ಪುಎಲ್ಲಮ್ ಬೊನುಸ್ ಅಮತ್' ಎಂಬ ವಾಕ್ಯವನ್ನು ನೋಡಬೇಕು. 'ಒಳ್ಳೆಯ ಹುಡುಗ ಹುಡುಗಿಯನ್ನು ಪ್ರೀತಿಸುತ್ತಾನೆ' ಎಂದರ್ಥ. ಇಲ್ಲಿ 'ಬೊನುಸ್' ಹುಡುಗಿಯ ಪಕ್ಕದಲ್ಲೇ ಕೂತಿದೆ; ಆದರೂ ಒಳ್ಳೆಯತನ ಹುಡುಗನದೇ ಎಂದು ಅದರ ಬಾಲ ಸಾರುತ್ತದೆ. 'ಬೊನಮ್' ಎಂದಿದ್ದರೆ ಆ ಗುಣ ಹುಡುಗಿಯ ಪಾಲಾಗುತ್ತಿತ್ತು. ಕನ್ನಡದ 'ಒಳ್ಳೆಯ'ವನ್ನು ಹೀಗೆ ಜಾಗ ಬದಲಿಸಿ ಕೂರಿಸಿದರೆ ಗುಣವೂ ಪಕ್ಕದವರಿಗೆ ವರ್ಗವಾಗುತ್ತದೆ. ಅಂದರೆ ಲ್ಯಾಟಿನ್ ವಿಶೇಷಣದ ವೇಷ ಶೋಕಿಯಲ್ಲ, ಮನೆ ಬಿಟ್ಟು ತಿರುಗುವವನ ಗುರುತಿನ ಚೀಟಿ. 'ಬೊನಿಸ್' ಎಂಬೊಂದೇ ರೂಪ ಆರು ಖಾನೆಗಳಲ್ಲಿ ಕೂತಿದೆ, ಇದೆಂಥ ಗುರುತು ಎಂದು ಕೇಳಬಹುದು. ನಿಜ, ಕೆಲವು ಚೀಟಿಗಳ ಫೋಟೊ ಮಸುಕು. ಆಗ ನಾಮಪದ ಬಂದು ಸಾಕ್ಷಿ ಹೇಳಬೇಕು. ಅಷ್ಟಕ್ಕೂ ನಮ್ಮ ಸೋಮಾರಿಯೇನು ಕಡಿಮೆಯೇ? ನಾಮಪದದ ನೆರಳಿರುವವರೆಗೆ ಮಾತ್ರ ಅದು 'ಒಳ್ಳೆಯ'. ಒಂಟಿಯಾಗಿ ಹೊರಬಿದ್ದ ಮರುಕ್ಷಣ ಒಳ್ಳೆಯವನು, ಒಳ್ಳೆಯವಳಿಗೆ, ಒಳ್ಳೆಯದರಿಂದ ಎಂದು ಲಿಂಗವನ್ನೂ ವಿಭಕ್ತಿಯನ್ನೂ ತೊಟ್ಟೇ ಬೀದಿಗಿಳಿಯುತ್ತದೆ.