16 ಅಕ್ಷರದ ಜಾತಕ

(ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿ. ಬೈ-ಟೂ ಕಾಫಿ. ಭಾವನ ಕಂಕುಳಲ್ಲಿ ಬಟ್ಟೆಚೀಲ. ಚೀಲದೊಳಗೆ ಬನಶಂಕರಿ ಸೈಟಿನ ಕೇಸು. ಚೀಲದ ಹಿಡಿಯನ್ನೇ ಎರಡು ಸಲ ಹೊಲಿಸಿದ್ದಾರೆ.)

ಭಾಮೈದ: ಇನ್ನೂ ಚೀಲ ಹೊರ್ತೀರಲ್ಲ ಭಾವ! ಈಗೆಲ್ಲಾ ಇ-ಕೋರ್ಟು. 2023ರಲ್ಲಿ ಮೂರನೇ ಹಂತಕ್ಕೆ ಕೇಂದ್ರ 7,210 ಕೋಟಿ ಮಂಜೂರು ಮಾಡ್ತು.

ಭಾವ: ಒಂದನೇ ಹಂತ 2007ರಲ್ಲಿ. ನಾನು ದಾವೆ ಹೂಡಿದ್ದು 2006ರಲ್ಲಿ. ಇ-ಕೋರ್ಟಿಗೆ ನಾನೇ ಸೀನಿಯರ್ರು.

ಭಾಮೈದ: ಇ-ಕೋರ್ಟ್ ಆಪ್‌ನಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ ಒತ್ತಿ, ಕೂತಲ್ಲೇ ಎಲ್ಲ ಗೊತ್ತಾಗತ್ತೆ.

ಭಾವ: 16 ಅಕ್ಷರ ಕಣಯ್ಯಾ! ನಿಮ್ಮಕ್ಕನ ಜಾತಕ ನೋಡೋವಾಗ್ಲೂ ಇಷ್ಟು ತಿಣುಕಿರಲಿಲ್ಲ. ಒತ್ತಿದೆ. ಬಂತು, ಮುಂದಿನ ತಾರೀಕು. ಮೊದಲು ವಾಯಿದೆ ತಿಳ್ಕೊಳ್ಳೋಕೆ ಎರಡು ಬಸ್ ಹತ್ತಬೇಕಿತ್ತು. ಈಗ ಹಾಸಿಗೆಯಲ್ಲೇ ವಾಯಿದೆ!

ಭಾಮೈದ: ಇ-ಫೈಲಿಂಗ್ ಮಾಡಿಸ್ಬಹುದಿತ್ತು.

ಭಾವ: ಮಾಡಿಸ್ದೆ. "ಪಿಡಿಎಫ್ ಬಂತು, ಪ್ರಿಂಟ್ ತನ್ನಿ" ಅಂದ್ರು. ದಾರ ಪೋಣಿಸಿ ಮೂರು ಸೆಟ್ಟು. ಕಾಗದ ಹೋಗತ್ತೆ ಅಂದ್ರಲ್ಲ, ಜೆರಾಕ್ಸ್ ಅಂಗಡಿಯವನು ಎರಡನೇ ಮಷೀನ್ ತಂದ.

ಭಾಮೈದ: ವಿಡಿಯೋ ಕಲಾಪ?

ಭಾವ: ಮರ್ತ್ಯಾ? 2023ರ ಡಿಸೆಂಬರಲ್ಲಿ ಯಾರೋ ಕಿಡಿಗೇಡಿಗಳು ನಮ್ಮ ಹೈಕೋರ್ಟಿನ ಝೂಮಿಗೆ ನುಗ್ಗಿ ಅಶ್ಲೀಲ ಚಿತ್ರ ಹಾಕಿದ್ರು. ಕೆಲಕಾಲ ವಿಡಿಯೋ ಕಲಾಪವೇ ಬಂದ್! ಅಷ್ಟು ಬೇಗ ಸಿಕ್ಕ ತಡೆಯಾಜ್ಞೆ ನಾನಂತೂ ಕಂಡಿಲ್ಲ.

(ಫೋನ್ ಟಿಂಗ್ ಅನ್ನುತ್ತದೆ. ಭಾವ ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿಗೆ ತಾಗಿಸುತ್ತಾರೆ.)

ಭಾಮೈದ: ತೀರ್ಪಾ ಭಾವ?

ಭಾವ: ಸಾಹೇಬ್ರು ರಜೆಯಂತೆ. ಇನ್ನೊಂದು ಬೈ-ಟೂ ಹೇಳು.