ಸುಡದ ಇಟ್ಟಿಗೆಯ ಸನ್ನಿಧಾನಕ್ಕೆ ಒಂದು ಅರ್ಜಿ

ಸನ್ಮಾನ್ಯ ಸುಡದ ಇಟ್ಟಿಗೆಯವರಿಗೆ,

ಬೋರನಕಣಿವೆ ಕಡೆಯ ಅರ್ಜಿದಾರನು ತಲೆಬಾಗಿ ಬಿನ್ನವಿಸಿಕೊಳ್ಳುವುದೇನೆಂದರೆ: ಮನೆ ಸಾಲ ಕೇಳಲು ನಿನ್ನೆ ಬೆಳಿಗ್ಗೆ ಹತ್ತಕ್ಕೆ ಒಂದು ಕಚೇರಿಯ ಬೆಂಚಿನ ಮೇಲೆ ಕೂತವನು ಎದ್ದದ್ದು ಸಾಯಂಕಾಲ ನಾಲ್ಕೂವರೆಗೆ. ಮೇಲೆ ತಗಡಿನ ಶೀಟು, ಹೊರಗೆ ಬಿರುಬಿಸಿಲು. ಈ ಸೀಮೆಯಲ್ಲಿ ತೆಂಗಿನಕಾಯಿ ಉಂಡೆಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬೇಕು. ಅರ್ಜಿದಾರ ಆರೂವರೆ ಗಂಟೆಯಲ್ಲೇ ಆದ. ಅಲ್ಲಾಡಿಸಿದ್ದರೆ ಒಳಗೆ ಗಡಗಡ ಅನ್ನುತ್ತಿತ್ತು.

ಸಾಹೇಬರು ಸೈಟಿಗೆ ಹೋಗಿದ್ದರು. ಯಾವ ಸೈಟು ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಬಂದವರೇ ಕೇಳಿದರು:

"ಗೋಡೆ ಯಾವುದ್ರದ್ದು?"

"ಮಣ್ಣಿನ ಬ್ಲಾಕು ಸಾರ್, ಮಿಷಿನ್ನಲ್ಲಿ ಒತ್ತಿದ್ದು."

"ಸುಟ್ಟಿದ್ದಾ?"

"ಇಲ್ಲ ಸಾರ್."

"ಹಂಗಾದ್ರೆ ಕಚ್ಚಾ. ಸಾಲಕ್ಕೆ ಬರಲ್ಲ."

ಅರ್ಧ ನಿಮಿಷವೂ ಹಿಡಿಯಲಿಲ್ಲ.

ತಾವೇನು ಸಣ್ಣ ಮನೆತನದವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಅಂತಲೇ 'ಅಸ್ತ್ರ' ಎಂಬ ಕಾರ್ಯಕ್ರಮ ಶುರುಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ಕೆಮ್ಮಣ್ಣು, ಮರಳು, ಶೇಕಡಾ ಆರೇಳರಷ್ಟು ಸಿಮೆಂಟು ಬೆರೆಸಿ, 'ಮರ್ದಿನಿ' ಎಂಬ ಕೈಯಂತ್ರದಲ್ಲಿ ಒತ್ತಿ ತಮ್ಮನ್ನು ಹೊರತೆಗೆದರು. ಮೂರು ವಾರ ನೀರು ಚಿಮುಕಿಸಿದರೆ ಮುಗಿಯಿತು. ಗೂಡು ಬೇಡ, ಸೌದೆ ಬೇಡ. ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದವರ ವಿಸ್ತರಣಾ ಕೇಂದ್ರವೂ ಇತ್ತು. ಅಲ್ಲಿಂದ ಎತ್ತಿನ ಗಾಡಿ ಹತ್ತಿದ್ದರೂ ತಾವು ಇಷ್ಟೊತ್ತಿಗೆ ನಮ್ಮ ಪಕ್ಕದ ಹುಳಿಯಾರು ಮುಟ್ಟಬಹುದಿತ್ತು.

ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಲೆಕ್ಕ ಪ್ರಕಟಿಸಿದ್ದಾರೆ. ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆ ಏಳುವಷ್ಟರಲ್ಲಿ ಸುಮಾರು 2,140 ಮೆಗಾಜೂಲ್ ಶಕ್ತಿ ಖರ್ಚಾಗಿರುತ್ತದೆ. ಶೇಕಡಾ ಆರು ಸಿಮೆಂಟಿನ ತಮ್ಮ ಗೋಡೆಗೆ 650ರ ಆಸುಪಾಸು. ಉಳಿತಾಯವೆಲ್ಲ ಇರುವುದೇ ಸುಡದೆ ಇರುವುದರಲ್ಲಿ. ಕಚ್ಚಾ ಅನ್ನಿಸಿಕೊಂಡದ್ದೂ ಅದಕ್ಕೇ! ಜನಗಣತಿಯಲ್ಲೂ 'ಮಣ್ಣು, ಸುಡದ ಇಟ್ಟಿಗೆ' ಅಂತ ಒಂದೇ ಖಾನೆ. ಅಜ್ಜ ಕಾಲಲ್ಲಿ ತುಳಿದು ಮೆತ್ತಿದ ಗೋಡೆಯೂ, ವಿಜ್ಞಾನಿಗಳು ಒತ್ತಿದ ತಾವೂ ಅಕ್ಕಪಕ್ಕ. ಅತ್ತ ದಿಲ್ಲಿಯ ಮಾನಕ ಬ್ಯೂರೋದವರು ತಮಗೆ ಐಎಸ್ 1725 ಅಂತ ನಂಬರು ಕೊಟ್ಟು, ಆ ಮಾನಕವನ್ನು 2013ರಲ್ಲಿ ಪರಿಷ್ಕರಿಸಿಯೂ ಇದ್ದಾರೆ. ಅರ್ಜಿದಾರ ಆ ನಂಬರು ಹೇಳಿದ. ಸಾಹೇಬರು ಬಸ್ಸಿನ ನಂಬರು ಅಂದುಕೊಂಡರೋ ಏನೋ, ಕಿಟಕಿ ಕಡೆ ನೋಡಿದರು.

ತಮ್ಮಲ್ಲಿ ಐಬಿಲ್ಲ ಅಂತಲ್ಲ. ಎರೆಮಣ್ಣಿಗೂ ತಮಗೂ ಆಗಿಬರುವುದಿಲ್ಲ. ಮಣ್ಣು ಪರೀಕ್ಷಿಸದೆ ಒತ್ತಿದರೆ ಮೊದಲ ಮಳೆಗೇ ಮರ್ಯಾದೆ ಹೋಗುತ್ತದೆ. ಯಾವ ಮಣ್ಣು, ಎಷ್ಟು ಸಿಮೆಂಟು, ನೀರಲ್ಲಿ ನೆನೆಸಿ ಬಲ ನೋಡಿದ್ರಾ ಅಂತ ಸಾಹೇಬರು ಕೇಳಿದ್ದರೆ ಅರ್ಜಿದಾರ ಅಲ್ಲೇ ಕಾಲಿಗೆ ಬೀಳುತ್ತಿದ್ದ. ಕೇಳಿದ್ದು 'ಸುಟ್ಟಿದ್ದಾ' ಅಂತ. ಹೆಣದ ವಿಷಯ ವಿಚಾರಿಸಿದ ಹಾಗೆ.

ಈಗಂತೂ ಗೋಡೆಯೊಳಗೆ ಕರಗಿ ಶಾಖ ಹೀರಿಕೊಂಡು, ತಂಪಾದಾಗ ಗಟ್ಟಿಯಾಗಿ ಅದನ್ನು ಬಿಟ್ಟುಕೊಡುವ ವಸ್ತುಗಳ ಸಂಶೋಧನೆ ಜೋರಾಗಿದೆ. ಅದಕ್ಕೆ ಕೊಬ್ಬರಿ ಎಣ್ಣೆಯನ್ನೂ ಪ್ರಯೋಗಿಸಿ ನೋಡಿದ್ದಾರೆ. 24 ಡಿಗ್ರಿ ಹತ್ತಿರ ಅದು ಕರಗುತ್ತದಲ್ಲ! ತೆಂಗಿನ ಸೀಮೆಗೆ ಹೆಮ್ಮೆಯ ಮಾತೇ. ಆದರೆ ಅಂಥ ಗೋಡೆಯ ಅರ್ಜಿ ಹಿಡಿದು ಈ ಮೇಜಿನ ಮುಂದೆ ನಿಂತರೆ "ಎಣ್ಣೆ ಸುಟ್ಟಿದ್ದಾ?" ಅಂತಾರೆ. ಬರೆದಿಟ್ಟುಕೊಳ್ಳಿ.

ಸಿಟ್ಟು ಬಂದಿದೆ, ಸ್ವಾಮಿ. ಐವತ್ತು ವರ್ಷ ಹಳೆಯ ವಸ್ತುವನ್ನು ಒಂದು ಖಾನೆಯೊಳಗೆ ಹತ್ತಿಸಲಾಗದವರು ಜಾಗತಿಕ ತಾಪಮಾನದ ಭಿತ್ತಿಪತ್ರವನ್ನು ಅದೇ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಬೆಂಚಿನ ಮೇಲೆ ಕೂತವನು ಆ ಸೆಕೆಯಲ್ಲಿ ಅದನ್ನು ಹದಿನಾಲ್ಕು ಸಲ ಓದಿದ.

ಗುರುವಾರ ಸ್ಯಾಂಪಲ್ ತರಬೇಕಂತೆ. ಆದಕಾರಣ ತಾವು ದಯಮಾಡಿ ಬರಬೇಕು, ಎತ್ತಿನ ಗಾಡಿಯಾದರೂ ಪರವಾಗಿಲ್ಲ. ಒಂದು ಮಗ್ಗುಲು ಮಾತ್ರ ಕೊಂಚ ಕಪ್ಪು ಮಾಡಿ ಸಾಹೇಬರ ಕಡೆ ತಿರುಗಿಸಿ ಇಟ್ಟರೆ ಸಾಕು. ಹಿತ್ತಿಲಲ್ಲಿ ಕಾಯಿಮಟ್ಟೆ ಬೇಕಾದಷ್ಟಿದೆ, ಬೆಂಕಿಪೊಟ್ಟಣವೂ ಇದೆ.

ಇತಿ,
ಬೆಂಚಿನ ಮೇಲೆ ಬೆಂದು ಅರ್ಧ ಪಕ್ಕಾ ಆದ
ಅರ್ಜಿದಾರ