ಎಂಟೂಕಾಲಿಗೆ ತೆರೆ ಏಳುತ್ತಿತ್ತು

ಅಕ್ಕ, ನಿಮ್ಮ ಮಗ ಅಮೆರಿಕದ ಡೆತ್ ವ್ಯಾಲಿ ಮರುಭೂಮಿ ನೋಡೋಕೆ ಹೊರಟಿದಾನೆ ಅಂದ್ರಲ್ಲ, ಬರೀ ಉಪ್ಪಿನ ಬಯಲು, ಮರಳ ದಿಬ್ಬ ನೋಡ್ಕೊಂಡು ಬಂದುಬಿಟ್ಟಾನು. 127, 190 ಎರಡು ಹೆದ್ದಾರಿ ಕೂಡೋ ಕಡೆ ಡೆತ್ ವ್ಯಾಲಿ ಜಂಕ್ಷನ್ ಅಂತ ಒಂದು ಊರಿದೆ. ಹೆಸರಿಗಷ್ಟೇ ಊರು, ಇಪ್ಪತ್ತು ಜನ ಸಿಕ್ಕೋದೂ ಕಷ್ಟ. ಅಲ್ಲಿ ಅಮರ್ಗೋಸಾ ಆಪೆರಾ ಹೌಸ್ ಅಂತ ಒಂದು ಪುಟ್ಟ ರಂಗಮಂದಿರ. ಅದನ್ನ ನೋಡದೆ ಬರಬೇಡ ಅಂತ ಹೇಳಿ.

"ಜನವೇ ಇಲ್ಲದ ಕಡೆ ನಾಟಕದ ಮನೆ ಯಾರು ಕಟ್ಟಿಸಿದ್ರು?"

ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿಯೋರು. ಅಕ್ಕಸಾಲಿಗರು ಬೆಸುಗೆಗೆ ಹಾಕ್ತಾರಲ್ಲ ಬಿಳಿಗಾರ, ಅದರ ಗಣಿಗಾರಿಕೆ ಅಲ್ಲಿ. 1923ರಿಂದ 25ರೊಳಗೆ ಆಫೀಸು, ಹೋಟೆಲು, ಒಂದು ಮೂಲೇಲಿ ಸಭಾಂಗಣ ಕಟ್ಟಿಸಿದ್ರು. ಗಣಿ ಕೆಲಸದೋರ ಕುಣಿತ, ಸಿನಿಮಾ, ಪ್ರಾರ್ಥನೆ, ಶವಸಂಸ್ಕಾರದ ಸಭೆ ಎಲ್ಲಾ ಅಲ್ಲೇ. ಕಂಪನಿ ಗಂಟು ಕಟ್ಟಿದ್ಮೇಲೆ ಹಾಲ್ ಪಾಳುಬಿತ್ತು.

1967ರಲ್ಲಿ ನ್ಯೂಯಾರ್ಕಿನ ನರ್ತಕಿ ಮಾರ್ಟಾ ಬೆಕೆಟ್ ಗಂಡನ ಜೊತೆ ಆ ಕಡೆ ಬಂದಿದ್ರು. ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ, ಬ್ರಾಡ್‌ವೇಯಲ್ಲಿ ಕುಣಿದೋರು, ನಲವತ್ತು ದಾಟಿತ್ತು. ಗಾಡಿಯ ಟೈರು ಪಂಚರ್ ಆಯ್ತು. ಗಂಡ ಅದನ್ನ ಸರಿಮಾಡಿಸ್ತಾ ಇದ್ರೆ ಈಕೆ ಸುತ್ತಾಡ್ತಾ ಹೋಗಿ ಆ ಪಾಳು ಹಾಲಿನ ಬಾಗಿಲ ತೂತಿಗೆ ಕಣ್ಣಿಟ್ಟು ನೋಡಿದ್ರು. ಒಳಗೆ ವೇದಿಕೆ! ತಿಂಗಳಿಗೆ 45 ಡಾಲರ್ ಬಾಡಿಗೆ, ದುರಸ್ತಿ ನಮ್ಮದೇ ಅಂತ ಮಾತಾಡಿ ಹಿಡಿದೇಬಿಟ್ರು. 1968ರ ಫೆಬ್ರವರಿ 10ಕ್ಕೆ ಮೊದಲ ಪ್ರದರ್ಶನ. ಪ್ರೇಕ್ಷಕರು ಹನ್ನೆರಡು ಜನ.

"ಅಷ್ಟೇನಾ?"

ಅಷ್ಟೂ ಬಾರದ ರಾತ್ರಿಗಳಿದ್ವು ಅಕ್ಕ. ಒಬ್ಬರೂ ಬರದಿದ್ದ ದಿನವೂ ಕುಣಿದಿದಾರೆ. ಆಮೇಲೆ ಪ್ರವಾಹ ನುಗ್ಗಿ ಹಾಲಿನ ತುಂಬ ಕೆಸರಾಯ್ತು. ಅದನ್ನೆಲ್ಲ ಬಳಿದು ಹಾಕಿ, ಬರೀ ಗೋಡೆ ಕಂಡು, ಅದರ ಮೇಲೆ ಪ್ರೇಕ್ಷಕರನ್ನ ಬರೆಯೋಕೆ ಕೂತ್ರು. ಹದಿನಾರನೇ ಶತಮಾನದ ಸ್ಪೇನ್ ದೇಶದ ಜನ. ನಡುವಿನ ಬಾಲ್ಕನಿಯಲ್ಲಿ ರಾಜ ರಾಣಿ, ಸುತ್ತ ಶ್ರೀಮಂತರು, ಸನ್ಯಾಸಿನಿಯರು, ಗೂಳಿ ಕಾಳಗದೋರು. ಗೋಡೆಗಳಿಗೇ ನಾಲ್ಕು ವರ್ಷ ಹಿಡೀತು. ಆಮೇಲೆ ಮೇಲ್ಛಾವಣಿಗೆ ಇನ್ನೆರಡು.

ಆ ಹಾಲಿನ ಬಗ್ಗೆ ಬರೆದೋರೆಲ್ಲ ಈ ಚಿತ್ರದ ಮಾತನ್ನೇ ಎತ್ತುತಾರೆ. ಚಿತ್ರ ಅದ್ಭುತ, ಆದ್ರೆ ನನ್ನ ಮನಸ್ಸು ನಿಲ್ಲೋದು ಆಕೆಯ ಸೀಸನ್ ಮೇಲೆ. ಅಕ್ಟೋಬರಿನಿಂದ ಮೇ ತನಕ, ವಾರದಲ್ಲಿ ಗೊತ್ತುಮಾಡಿದ ದಿನ, ರಾತ್ರಿ 8.15ಕ್ಕೆ ತೆರೆ ಏಳಬೇಕು. ಬೇಸಿಗೆಗೆ ಅಲ್ಲಿ ಯಾರು ಬರ್ತಾರೆ ಹೇಳಿ? ಹತ್ತಿರದ ಫರ್ನೇಸ್ ಕ್ರೀಕಿನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ, ಪ್ರಪಂಚದಲ್ಲೇ ಅದು ಹೆಚ್ಚು. ನಮ್ಮ ಕಂಪನಿ ನಾಟಕದೋರು ಜಾತ್ರೆ ಇದ್ದಲ್ಲಿಗೆ ಹೋಗಿ ಕ್ಯಾಂಪ್ ಹಾಕ್ತಾರೆ, ಜನ ಇರೋ ಕಡೆಗೆ ನಾಟಕ ಹೋಗುತ್ತೆ. ಈಕೆ ಒಂದು ಕಡೆ ಕೂತು, ಈ ಹೊತ್ತಿಗೆ ಇಲ್ಲಿ ಆಟ ಇರುತ್ತೆ ಅಂತ ಮಾತು ಕೊಟ್ರು. ಆ ಮಾತನ್ನ ನಂಬಿದ್ರಿಂದ್ಲೇ ಜನ ನೂರಾರು ಮೈಲಿ ಕಾರು ಓಡಿಸ್ಕೊಂಡು ಬಂದ್ರು. 1970ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಸುದ್ದಿ ಬಂದ್ಮೇಲಂತೂ ಮುಂಚೆಯೇ ಸೀಟು ಹಿಡಿಯೋ ಹಾಗಾಯ್ತು.

"ಎಲ್ಲಾ ಒಬ್ಬರೇ ಮಾಡ್ತಿದ್ರಾ?"

ನೃತ್ಯ ಹೆಣೆಯೋದು, ಬಟ್ಟೆ ಹೊಲಿಯೋದು, ಪರದೆ ಬರೆಯೋದು ಎಲ್ಲಾ ಅವರದೇ. ಆದ್ರೆ ಒಬ್ಬಂಟಿ ಹೆಂಗಸಿನ ಕಥೆ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ಮೊದಮೊದಲು ಗಂಡ ಕಾಫಿ ಡಬ್ಬಗಳಲ್ಲಿ ವೇದಿಕೆಯ ದೀಪ ಮಾಡಿಕೊಟ್ರು. ಆತ ಬಿಟ್ಟುಹೋದ್ಮೇಲೆ ಟಾಮ್ ವಿಲೆಟ್ ಅಂತ ಒಬ್ಬರು ಜೊತೆಯಾದ್ರು. ಊರಲ್ಲಿ ರಿಪೇರಿ ಕೆಲಸ ನೋಡ್ಕೊಳ್ತಿದ್ದೋರು ರಂಗದ ಉಸ್ತುವಾರಿ ಹೊತ್ರು, ಕಾರ್ಯಕ್ರಮ ನಿರೂಪಿಸಿದ್ರು, ಹಾಸ್ಯ ಪಾತ್ರ ಕಟ್ಟಿ ಈಕೆಯ ಜೊತೆ ಕುಣಿದ್ರು. 1983ರಿಂದ 2005ರಲ್ಲಿ ತೀರಿಕೊಳ್ಳೋ ತನಕ ಇದ್ರು. ಅಂಥೋರು ಒಬ್ಬರು ಸಿಗದೆ ಯಾವ ರಂಗಮಂದಿರ ನಡೆದಿದೆ ಹೇಳಿ? ಅವರ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಅನ್ಸುತ್ತೆ ನನಗೆ.

"ವಯಸ್ಸಾದ ಮೇಲೂ ಕುಣಿದ್ರಾ?"

ಸೊಂಟದ ಮೂಳೆ ಮುರೀತು. ಆಗ ಕೂತುಕೊಂಡೇ ಹಾಡಿ, ಕಥೆ ಹೇಳೋ ಪ್ರದರ್ಶನ ಶುರುಮಾಡಿದ್ರು, ಅದಕ್ಕೆ 'ದಿ ಸಿಟ್ಟಿಂಗ್ ಡೌನ್ ಷೋ' ಅಂತ್ಲೇ ಹೆಸರು. ಕೊನೆಯ ಆಟ 2012ರ ಫೆಬ್ರವರಿಯಲ್ಲಿ, ಎಂಬತ್ತೇಳನೇ ವಯಸ್ಸಿಗೆ. 2017ರ ಜನವರಿಯಲ್ಲಿ ತೀರಿಕೊಂಡ್ರು.

ಈಗ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಆ ಕಟ್ಟಡ ನೋಡ್ಕೊಳ್ತಿದೆ. ಒಳಗೆ ಕರೆದೊಯ್ದು ತೋರಿಸ್ತಾರೆ. ಆದ್ರೆ ಬಣ್ಣ ಹಾಳಾಗದ ಹಾಗೆ ಕಾಯೋದು ಒಂದು ಕೆಲಸ, ಆ ಹಲಗೆ ಮೇಲೆ ಕುಣಿಯೋ ಕಾಲು ಬೀಳೋದು ಇನ್ನೊಂದು. ನನಗೆ ಎರಡನೆಯದು ಹೆಚ್ಚು. ಚಿಕ್ಕಂದಿನಲ್ಲಿ ಆಕೆಯ ಪ್ರದರ್ಶನ ನೋಡಿದ್ದ ಒಬ್ಬ ಹುಡುಗಿ ಮುಂದೆ ಬ್ಯಾಲೆ ಕಲಿತು, ನರ್ತಕಿಯಾಗಿ, ವರ್ಷಗಳ ಮೇಲೆ ಆ ಊರಿಗೇ ತಿರುಗಿ ಬಂದ್ಲು. ಮಾರ್ಟಾ ಬದುಕಿರೋವಾಗ್ಲೇ, ಅವರು ಹೆಣೆದ ನೃತ್ಯಗಳನ್ನೇ ಅದೇ ವೇದಿಕೆ ಮೇಲೆ ಕುಣಿದ್ಲು.